ಬಿರುಸು ಕ್ಲಚ್ಚು

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಅಟ್ಟ ಝಾಡಿಸುವ ಕೆಲಸ ನನ್ನ ಪಾಲಿಗೆ. ಇವತ್ತು ಬೆಳಿಗ್ಗೆ ಸ್ಟೂಲಿನ ಮೇಲೆ ನಿಂತು ಒಂದೊಂದೇ ಸಾಮಾನು ಕೊಡುತ್ತಿದ್ದೆ, ಕೆಳಗೆ ನಿಂತು ನನ್ನ ಹೆಂಡತಿ ಶಶಿಕಲಾ ತೆಗೆದುಕೊಳ್ಳುತ್ತಿದ್ದಳು. ಮೂಲೆಯಲ್ಲಿದ್ದ ರಟ್ಟಿನ ಡಬ್ಬಿಯೊಂದು ಕೈಗೆ ಭಾರವಾಗಿ ಬಂತು. ಮುಚ್ಚಳ ಸರಿಯುತ್ತಲೇ ಸುಟ್ಟ ವಾಸನೆ. ಏರಿನಲ್ಲಿ ಸಿಕ್ಕಿಬಿದ್ದ ಗಾಡಿಯ ಹಿಂದೆ ನೀವೆಂದಾದರೂ ನಿಂತಿದ್ದರೆ ನಿಮಗೂ ಗೊತ್ತಿರುತ್ತದೆ, ಕ್ಲಚ್ ಸುಟ್ಟ ವಾಸನೆ ಅದು. ಆರು ವರ್ಷವಾದರೂ ಹೋಗಿರಲಿಲ್ಲ.

"ಇದೇನ್ರೀ?" ಅಂದಳು.

"ಹಳೇ ಕ್ಲಚ್ ಪ್ಲೇಟು. ಗುಜರಿಗೆ ಹಾಕು," ಅಂದೆ.

ಹೇಳಿದ್ದೇನೋ ಸಲೀಸಾಗಿಯೇ. ಆದರೆ ಅವಳು ಡಬ್ಬಿಯ ಮೇಲಿನ ಅಕ್ಷರ ಓದುವ ಮೊದಲೇ ಮುಂದಿನ ಸಾಮಾನನ್ನು ಅವಳ ಕೈಗಿಟ್ಟೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಒಂದು ಪದ್ಧತಿಯಿದೆ. ಗಾಡಿಗೆ ಹೊಸ ಸಾಮಾನು ಹಾಕಿದರೆ, ತೆಗೆದ ಹಳೆಯದನ್ನು ಆ ಹೊಸದರ ಡಬ್ಬಿಯಲ್ಲೇ ಹಾಕಿ ಕೈಗೆ ಕೊಡುತ್ತಾರೆ. ನಿಜವಾಗಿಯೂ ಬದಲಿಸಿದ್ದೇವೆ ಎನ್ನುವುದಕ್ಕೆ ಸಾಕ್ಷಿ. ಆ ಸಾಕ್ಷಿಯನ್ನು ಯಾರ ಕಣ್ಣಿಗೂ ಬೀಳದ ಹಾಗೆ ಅಟ್ಟದ ಮೂಲೆಗೆ ತೂರಿದವನು ನಾನೇ.

ಶಶಿಕಲಾ ಆಗ ಅಕ್ಕಲಕೋಟದ ಕನ್ನಡ ಶಾಲೆಯೊಂದರಲ್ಲಿ ಟೀಚರ್. ನಮ್ಮ ಮನೆ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ. ತನ್ನ ಪಗಾರದಲ್ಲಿ ಒಂದು ಹಳೆಯ ಸಣ್ಣ ಕಾರು ಕೊಂಡು, ತಾನೇ ಕಲಿತು, ದಿನಾ ಹೋಗಿ ಬರುತ್ತಿದ್ದಳು. ಇನ್ನು ನಾನು, ಸ್ಕೂಟರಿನಲ್ಲಿ ಓಡಾಡುವ ಗುಮಾಸ್ತ. ಡ್ರೈವಿಂಗ್ ಕ್ಲಾಸಿಗೆ ಎಂಟು ದಿನ ಹೋಗಿ, ಒಂಬತ್ತನೆಯ ದಿನ ಯಾರದೋ ಕಂಪೌಂಡಿಗೆ ಗುದ್ದಿ, ಆ ವಿದ್ಯೆಗೆ ದೂರದಿಂದಲೇ ಕೈಮುಗಿದವನು. ಆದರೂ ಎಡಗಡೆ ಕೂತು "ಕ್ಲಚ್ ಮ್ಯಾಲಿಂದ ಕಾಲು ತಗಿ" ಎಂದು ಉಪದೇಶ ಮಾಡುವುದು ಬಿಟ್ಟಿರಲಿಲ್ಲ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಬೆಳಿಗ್ಗೆ ಗಾಡಿ ಹೊರಗೆ ತೆಗೆಯುವಾಗ ಅವಳ ಮುಖದಲ್ಲೊಂದು ಗತ್ತು ಬರುತ್ತಿತ್ತು. ಮನೆಯೊಳಗೆ ಅದನ್ನು ನಾನೆಂದೂ ಕಂಡಿಲ್ಲ. "ಮನ್ಯಾಗ ನಾ ನಿಮ್ಮಾಕಿ, ಸಾಲ್ಯಾಗ ಹುಡುಗೂರಾಕಿ," ಎಂದು ಒಮ್ಮೆ ಹೇಳಿದ್ದಳು, "ಆ ರೋಡಿನ್ಯಾಗ ಅಷ್ಟಽ ನಾ ನನ್ನಾಕಿ."

ಒಂದು ದಿನ ಅಕ್ಕಲಕೋಟ ರಸ್ತೆಯಲ್ಲಿ ಕಾರಖಾನೆಗಳಿರುವ ಎಂಐಡಿಸಿ ಹತ್ತಿರ ಆ ಗಾಡಿ ನಿಂತುಬಿಟ್ಟಿತು. ಇಂಜಿನ್ ಒದರುತ್ತದೆ, ಗಾಡಿ ಮಾತ್ರ ಮುಂದೆ ಸರಿಯುವುದಿಲ್ಲ. ಫೋನ್ ಬಂದೊಡನೆ ಸ್ಕೂಟರಿನಲ್ಲಿ ಹೋದೆ. ಅವಳನ್ನು ಬಸ್ಸಿಗೆ ಹತ್ತಿಸಿ ಶಾಲೆಗೆ ಕಳಿಸಿ, ನಾಲ್ಕು ಮಂದಿಯ ಕೈಕಾಲು ಹಿಡಿದು ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ನೂಕಿಸಿದೆ.

ಮೇಸ್ತ್ರಿ ನನ್ನ ಮುಂದೆ ಎರಡು ಡಬ್ಬಿ ಇಟ್ಟ.

"ಇದು ಕಂಪನೀದು, ಸಾಹೇಬ್ರ. ಹಗೂರ ಐತಿ, ಬೆಣ್ಣಿ ಇದ್ಹಂಗ. ಇದು ಇನ್ನೊಂದು, ಸ್ಪ್ರಿಂಗ್ ಬಿರುಸು. ವಡಾಪ್ ಜೀಪಿನವ್ರು ಹದಿನೈದು ಮಂದೀನ್ನ ತುಂಬಕೊಂಡು ಹೊಡಿತಾರಲ್ಲ, ಅವ್ರು ಇಂಥಾದನ್ನಽ ಹಾಕಸ್ತಾರ. ಕಾಯಂ ಮಾಲು. ಆದ್ರ ಒತ್ತಾಕ ಕಾಲಾಗ ದಮ್ ಬೇಕು." ಆಮೇಲೆ ಕೇಳಿದ, "ಗಾಡಿ ಯಾರ್ ಹೊಡಿತಾರ್ರಿ? ವೈನಿಯಾರೇನು?"

ಸಾದಾ ಪ್ರಶ್ನೆ. ಆದರೆ ಬೆಂಚಿನ ಮೇಲೆ ಮಗ್ಗದ ಕಾರಖಾನೆಯ ಮೂವರು ಚಹಾ ಕುಡಿಯುತ್ತ ಕೂತಿದ್ದರು, ಮೂವರೂ ನನ್ನ ಕಡೆ ನೋಡಿದರು. "ನಮ್ಮಾಕಿ ದಿನಾ ಅಕ್ಕಲಕೋಟಕ್ಕ ಗಾಡಿ ಹೊಡಕೊಂಡು ಹೋಗ್ತಾಳ" ಎಂದು ಕಚೇರಿಯಲ್ಲಿ, ಬೀಗರಲ್ಲಿ ಜಂಬ ಕೊಚ್ಚುವವನು ನಾನೇ. ಗ್ಯಾರೇಜಿನ ಹವಾ ಬೇರೆ ನೋಡಿ. ಅಲ್ಲಿ ಕೂತು, ಹೆಂಡತಿ ಓಡಿಸುತ್ತಾಳೆ, ನನಗೆ ಬರುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ನಾನಽ," ಅಂದೆ.

"ಹಂಗಾದ್ರ ಇದನ್ನಽ ಹಾಕೂಣು."

ಆ ಮೂವರನ್ನು ಮತ್ತೆ ನಾನೆಂದೂ ನೋಡಲಿಲ್ಲ. ಎದುರಿಗೆ ಬಂದರೂ ಗುರುತು ಹತ್ತಲಿಕ್ಕಿಲ್ಲ. ಅಂಥವರ ಮುಂದೆ ಉಳಿಸಿಕೊಂಡ ಮರ್ಯಾದೆ ಅದು. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೆಲಸ ಮುಗಿದ ಮೇಲೆ ಮೇಸ್ತ್ರಿ ಒಮ್ಮೆ ಒತ್ತಿ ನೋಡಿರಿ ಎಂದ. ಕೂತು ಒತ್ತಿದೆ. ತೊಡೆಯಿಂದ ಸೊಂಟದವರೆಗೆ ಝಳ್ಳೆಂದಿತು. "ಭೇಷ್ ಅದ," ಅಂದೆ. ಗಾಡಿ ಮನೆಗೆ ತರಲು ನನಗೆಲ್ಲಿ ಬರುತ್ತದೆ? ಕಣ್ಣಿಗೆ ಔಷಧ ಹಾಕಿಕೊಂಡಿದ್ದೇನೆಂದು ಇನ್ನೊಂದು ಸುಳ್ಳು ಹೇಳಿ, ಅವನಿಂದಲೇ ಮನೆಯ ತನಕ ಓಡಿಸಿಕೊಂಡು ಬಂದೆ.

ಮೂರನೆಯ ದಿನವೇ ಶಶಿಕಲಾ ಕೇಳಿದಳು, "ಪೆಡಲ್ ಭಾಳ ಬಿರುಸಾಗ್ಯದ್ರಿ. ಬ್ಯಾರೇದು ಹಾಕ್ಯಾರೇನು?"

"ಇಲ್ಲ, ಕಂಪನೀದಽ. ಮೊದಲಿಂದು ಹ್ಯಾಂಗಿತ್ತೋ ಹಂಗಽ ಅದ."

ಮರುದಿನವೇ ಬದಲಿಸಬಹುದಿತ್ತು. ಆದರೆ ಬದಲಿಸಬೇಕೆಂದರೆ ಅದೇ ಗ್ಯಾರೇಜಿಗೆ ಹೋಗಿ ಖರೆ ಹೇಳಬೇಕಲ್ಲ. ಅವಳು ಸ್ವಲ್ಪ ಹೊತ್ತು ತನ್ನ ಎಡಗಾಲನ್ನೇ ನೋಡುತ್ತ ನಿಂತಳು.

"ಹಂಗಾದ್ರ ನನ್ನ ಕಾಲಾಗಽ ಶಕ್ತಿ ಕಡಿಮಿ ಆಗ್ಯದ," ಅಂದಳು.

ನಾನು ಸುಮ್ಮನಿದ್ದೆ. ನನ್ನ ಸುಳ್ಳುಗಳಲ್ಲಿ ಇದೇ ದೊಡ್ಡದು.

ಅಕ್ಕಲಕೋಟದಲ್ಲಿ ಗುರುವಾರ ಸ್ವಾಮಿಗಳ ದರ್ಶನಕ್ಕೆ ಬಂದವರ ಗರ್ದಿ. ಹೆಜ್ಜೆಗೊಮ್ಮೆ ಕ್ಲಚ್ ಒತ್ತಬೇಕು. ಮನೆಗೆ ಬಂದ ಮೇಲೂ ಅವಳು ಗಾಡಿಯಿಂದ ಇಳಿಯದೆ ಐದು ನಿಮಿಷ ಹಾಗೇ ಕೂತಿರುತ್ತಿದ್ದಳು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಡಾಕ್ಟರು ವಯಸ್ಸು ಎಂದರು. ಸಂಜೆ ಎಣ್ಣೆ ಬಿಸಿ ಮಾಡಿ ಅವಳ ಕಾಲಿಗೆ ತಿಕ್ಕುತ್ತಿದ್ದವನು ನಾನೇ. "ನಿಮಗ ಭಾಳ ತ್ರಾಸ ಕೊಡಾಕತ್ತೀನಿ," ಎಂದು ಅವಳೇ ನನ್ನ ಮುಂದೆ ಸಂಕೋಚಪಡುತ್ತಿದ್ದಳು.

ಒಂದು ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಪೆಡಲಿನಿಂದ ಕಾಲು ಜಾರಿ ಗಾಡಿ ಮುಂದಕ್ಕೆ ನೆಗೆಯಿತು. ಮಕ್ಕಳು ಚೀರಿ ಬದಿಗೆ ಸರಿದವು, ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದವಳೇ ಚಾವಿಯನ್ನು ಮೊಳೆಗೆ ಹಾಕಿ, "ಇನ್ನ ಸಾಕ್ರಿ, ನಂದು ಮುಗೀತು," ಅಂದಳು. ಆ ವರ್ಷ ಬಸ್ಸಿನಲ್ಲಿ ಓಡಾಡಿದಳು, ಮರು ವರ್ಷ ಕೆಲಸವನ್ನೇ ಬಿಟ್ಟಳು. ಕಾಲುನೋವು ನಾಲ್ಕು ತಿಂಗಳಲ್ಲಿ ಹೋಯಿತು. ತನ್ನ ಕಾಲು ಕೈಕೊಟ್ಟಿತು ಎಂಬ ಅವಳ ಮಾತು ಮಾತ್ರ ಹೋಗಲಿಲ್ಲ. ಸಂತೆಗೆ ಹೋಗಲಿಕ್ಕೂ ಈಗ ನನ್ನ ಸ್ಕೂಟರಿನ ಹಿಂದೆ, ಒಂದು ಬದಿಗೆ ಕೂತು ಬರುತ್ತಾಳೆ.

ಗಾಡಿಯನ್ನು ಮಾರಿದೆವು. ಕೊಂಡವನು ಮರವಡೆ ಎಂಬ ಹಳ್ಳಿಯ ಒಬ್ಬ ರೈತ. ಪೆಡಲ್ ಒತ್ತಿ ನೋಡಿ, "ಅಬ್ಬಾ, ಇದನ್ನ ಅಕ್ಕಾರು ಹ್ಯಾಂಗ ಹೊಡದ್ರೋ," ಎಂದ. ಶಶಿಕಲಾ ಒಳಗೆ ಚಹಾ ಮಾಡುತ್ತಿದ್ದಳು. ಅವಳಿಗೆ ಕೇಳಿಸಲಿಲ್ಲ ಎಂದು ಅಂದು ನಾನು ದೇವರಿಗೆ ಕೈಮುಗಿದೆ.

ಇವತ್ತು ಅಟ್ಟದಿಂದ ಇಳಿದು ಕೈಕಾಲು ತೊಳೆದು ಬರುವಷ್ಟರಲ್ಲಿ, ಅವಳು ಚಷ್ಮಾ ಹಾಕಿಕೊಂಡು ಆ ಡಬ್ಬಿಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದಳು. ಮೇಲೆ ಮಂದಿ ತುಂಬಿದ ಜೀಪಿನ ಚಿತ್ರ, ಕೆಳಗೆ ದೊಡ್ಡ ಅಕ್ಷರದಲ್ಲಿ ಹೆವಿ ಡ್ಯೂಟಿ ಎಂದು.

"ಇದು ನಮ್ಮ ಗಾಡೀಗಿ ಹಾಕಿದ್ದೇನ್ರಿ? ಕಂಪನೀದು ಅಂದಿದ್ರಿ."

ಇನ್ನೊಂದು ಸುಳ್ಳು ಬಾಯಿಯ ತನಕ ಬಂದಿತ್ತು. ಅವಳ ಮುಖ ನೋಡಿ ಆಗಲಿಲ್ಲ. ಎಲ್ಲ ಹೇಳಿದೆ. ಎರಡು ಡಬ್ಬಿ, ಬೆಂಚು, ಆ ಮೂವರು, "ನಾನಽ" ಎಂದದ್ದು. ಅವಳು ಬೈದಿದ್ದರೆ ನನಗೆ ಉಸಿರಾಡಲು ಬರುತ್ತಿತ್ತು. ಬೈಯಲಿಲ್ಲ. ನೆಲದ ಮೇಲೆ ಎಡಗಾಲು ಚಾಚಿ, ಪಾದವನ್ನು ಒಮ್ಮೆ ಮುಂದಕ್ಕೆ ಒತ್ತಿ ಮೆಲ್ಲಗೆ ಬಿಟ್ಟಳು.

"ಹಂಗಾದ್ರ ನನ್ನ ಕಾಲು ಚಲೋ ಇತ್ತು," ಅಂದಳು.

"ಇತ್ತು."

ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮತ್ತ ದಿನಾ ಎಣ್ಣಿ ಯಾಕ ತಿಕ್ಕಿದ್ರಿ?"