ದಿಲ್ಲಿಗೆ ಹೊರಟು ಉದಯಗಿರಿ ಸೇರಿದ್ದು

ಸೈಕಲ್ಲಿನಲ್ಲಿ ದಿಲ್ಲಿಗೆ ಹೋಗಬೇಕೆಂದು ನಂಜುಂಡಸ್ವಾಮಿ ಎಂದೂ ಗಟ್ಟಿಯಾಗಿ ನಿಶ್ಚಯಿಸಿದವನಲ್ಲ. ಅದು ಬಾಯಿಂದ ಜಾರಿದ ಮಾತು. ದೇವರಾಜ ಮೊಹಲ್ಲಾದ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿದು ಕೊಡುವುದು ಅವನ ಕೆಲಸ. ಅರವತ್ತೊಂದರ ದಸರೆಯಲ್ಲಿ ಮುಂಬಯಿಯಿಂದ ಸೈಕಲ್ ತುಳಿದುಕೊಂಡು ಬಂದ ಇಬ್ಬರನ್ನು ಮಾರ್ಕೆಟ್ಟಿನ ಮುಂದೆ ಜನ ಮುತ್ತಿಕೊಂಡಿದ್ದರು. ಅದನ್ನು ನೋಡಿಕೊಂಡು ಬಂದವನು ಗಿರಾಕಿಗಳ ಮುಂದೆ, "ಇದೇನ್ ಮಹಾ, ನಾನು ಡೆಲ್ಲಿಗೇ ಹೋಗ್ಬಲ್ಲೆ" ಅಂದುಬಿಟ್ಟ.

ಆ ಗಿರಾಕಿಗಳಲ್ಲಿ ಎದುರು ಸಾಲಿನ ಸೈಕಲ್ ಷಾಪಿನ ಏಕಾಂತಯ್ಯನವರೂ ಇದ್ದರು. ಅವರು ಕೆಟ್ಟವರಲ್ಲ, ಉತ್ಸಾಹದ ಮನುಷ್ಯ. "ನಮ್ ಮೊಹಲ್ಲಾದೋನು ಡೆಲ್ಲಿಗೆ ಹೋಗ್ತಾನೆ ಕಣ್ರೀ" ಎಂದು ಕಂಡವರಿಗೆಲ್ಲ ಸಾರಿದರು. ಅಂಗಡಿಯ ಯಜಮಾನರು ಕೇಳದೆಯೇ ರಜ ಕೊಟ್ಟರು. ಬೆಂಗಳೂರಿನಾಚೆಗೆ ಕಾಲಿಡದ ನಂಜುಂಡಸ್ವಾಮಿ, ಇವತ್ತು ಹೇಳಿಬಿಡುತ್ತೇನೆ, ಆಗುವುದಿಲ್ಲವೆಂದು ಹೇಳಿಯೇಬಿಡುತ್ತೇನೆ ಎಂದುಕೊಂಡು ಮನೆಯಿಂದ ಹೊರಡುತ್ತಿದ್ದ. ದಾರಿಯಲ್ಲಿ ಯಾರಾದರೂ ಬೆನ್ನು ತಟ್ಟುತ್ತಿದ್ದರು. ಅವನು ನಕ್ಕು, ಕೈ ಮುಗಿದು ಮುಂದೆ ಹೋಗುತ್ತಿದ್ದ.

ಹೆಂಡತಿ ದೇವಿರಮ್ಮನಾದರೂ ಬೇಡ ಅನ್ನುತ್ತಾಳೇನೋ ಎಂದು ಕಾದ. ಅವಳು ಚಟ್ನಿಪುಡಿ ಕುಟ್ಟಿದಳು, ಶರಟಿನ ಗುಂಡಿ ಹೊಲಿದಳು, ಏನೂ ಅನ್ನಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ವಾಲಗ ಊದಿಸಿ ಅವನನ್ನು ಬೀಳ್ಕೊಟ್ಟರು. ಹಾಸಿಗೆ, ಸೀಮೆಎಣ್ಣೆ ಸ್ಟೋವು, ಎರಡು ಟೈರು, ಪಂಪು ಎಲ್ಲವನ್ನೂ ಏಕಾಂತಯ್ಯನವರೇ ನಿಂತು ಕಟ್ಟಿಸಿದರು. ಹಿಂದಿನ ಕ್ಯಾರಿಯರಿನಲ್ಲಿ ಹಿಡಿಸದ್ದು ಮುಂದೆ ಹ್ಯಾಂಡಲ್ಲಿಗೆ ಬಂತು. ಕೊರಳ ತುಂಬ ಸೇವಂತಿಗೆ ಹಾರ. ದೇವಿರಮ್ಮ ಬಾಗಿಲಲ್ಲಿ ನಿಂತು ನಗುತ್ತಾ ಕೈಯೆತ್ತಿದಳು.

ಬನ್ನಿಮಂಟಪ ಬರುವಷ್ಟರಲ್ಲಿ ಜೊತೆಗೆ ಸೈಕಲ್ ತುಳಿದು ಬಂದವರೆಲ್ಲ ಹಿಂದಿರುಗಿದ್ದರು. ರಸ್ತೆಯಲ್ಲೊಂದು ಗುಂಡಿ. ಅಷ್ಟು ದೊಡ್ಡದೇನಲ್ಲ. ಮುಂದಿನ ಚಕ್ರ ಅದರೊಳಗೆ ಇಳಿದು ಏಳುವಾಗ ಲಟಕ್ಕೆಂದು ಸದ್ದಾಯಿತು. ಹ್ಯಾಂಡಲ್ ನೆಟ್ಟಗಿದ್ದರೂ ಚಕ್ರ ಓರೆಯಾಗಿ ಎಳೆಯಿತು. ಇಳಿದು ನೋಡಿದ: ಚಕ್ರವನ್ನು ಹಿಡಿದಿರುವ ಫೋರ್ಕು ಕುತ್ತಿಗೆಯ ಹತ್ತಿರ ಬಿರುಕು ಬಿಟ್ಟು ಬಾಯ್ದೆರೆದಿತ್ತು.

ಅವನಿಗೆ ಮೊದಲು ಬಂದ ಯೋಚನೆ, ಸದ್ಯ ಉಳಿದೆ ಎಂದು. ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಯಿತು. ಆಮೇಲೆ ದಿಗಿಲು. ಹಿಂದಕ್ಕೆ ಹೋಗುವುದೆಲ್ಲಿಗೆ? ವಾಲಗದವರು ಇನ್ನೂ ಕಾಫಿ ಕುಡಿಯುತ್ತಿರಬಹುದು. ಎದುರಿಗೆ ಒಂದು ಟಾಂಗಾ ಬಂತು. ಪರಿಚಯದವರೇ ಇರಬೇಕೆನಿಸಿ ಗಾಳಿ ಹೊಡೆಯುವವನಂತೆ ಬಗ್ಗಿ ಕೂತ. ಅದು ಹೋಯಿತು, ಇನ್ನೊಂದು ಬಂತು. ಹಾರಗಳನ್ನು ತೆಗೆದ. ಕಾಲ ಕೆಳಗೆ ಎಸೆಯಲು ಮನಸ್ಸಾಗದೆ ಒಂದು ಮರದ ಬುಡದಲ್ಲಿಟ್ಟು, ತಲೆಗೆ ಟವಲು ಸುತ್ತಿಕೊಂಡ. ಊರೊಳಗೆ ಹಾಯದೆ ಹೋಗಬಹುದಾದ ಜಾಗ ಒಂದೇ ಹೊಳೆಯಿತು: ಉದಯಗಿರಿಯಲ್ಲಿದ್ದ ದೇವಿರಮ್ಮನ ಅಕ್ಕನ ಮನೆ. ಮುಂದಿನ ಚಕ್ರವನ್ನು ಎತ್ತಿ ಹಿಡಿದು, ರೈಲು ಕಂಬಿ ದಾಟಿ, ಬಯಲಿನ ಅಡ್ಡದಾರಿ ಹಿಡಿದ.

ಅಕ್ಕ ಬೆಟ್ಟಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಅವನನ್ನು ಕಂಡು ಮೊರ ಕೆಳಗಿಟ್ಟಳು.

"ಯಾಕಪ್ಪಾ? ನೀನು ಇವತ್ತು ಡೆಲ್ಲಿಗೆ ಓಗ್ಲಿಲ್ವಾ?"

"ಅಕ್ಕ, ಯಾರ್ಗೂ ಹೇಳ್ಬೇಡಿ. ಸೈಕಲ್ ಮುರಿದೋಯ್ತು."

ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿಯವನೊಬ್ಬನಿದ್ದ. ಬೆಟ್ಟಮ್ಮ ಅವನನ್ನು ಕರೆತಂದಳು. ಅವನು ಬಿರುಕಿನ ಮೇಲೆ ಬೆರಳಾಡಿಸಿ, "ಬೆಸುಗೆ ಹಾಕು ಅಂದ್ರೆ ಹಾಕ್ತೀನಿ. ಎಲ್ಲಿ ಕೈಕೊಡುತ್ತೋ ಹೇಳಕ್ಕಾಗಲ್ಲ. ಹೊಸಾದೇ ಹಾಕ್ಸಿ. ಏಕಾಂತಯ್ಯನವರ ಷಾಪಲ್ಲಿ ಸಿಗುತ್ತೆ" ಅಂದ. ಆ ಹೆಸರು ಕೇಳಿದ್ದೇ ನಂಜುಂಡಸ್ವಾಮಿ ಸೈಕಲ್ಲನ್ನು ಹಿತ್ತಿಲಿಗೆ ತಳ್ಳಿ, ಅದರ ಮೇಲೆ ಗೋಣಿಚೀಲ ಹೊದಿಸಿ, ಒಳಗೆ ಬಂದು ಕೂತ. ಬೀದಿಯಲ್ಲಿ ಬೆಲ್ ಕೇಳಿದಾಗಲೆಲ್ಲ ಎದ್ದು ಕಿಟಕಿಯ ಸಂದಿಯಲ್ಲಿ ನೋಡುತ್ತಿದ್ದ. ಬೆಟ್ಟಮ್ಮ ಬಡಿಸಿದ ಮುದ್ದೆ ತಟ್ಟೆಯಲ್ಲೇ ಆರಿತು.

ಮಧ್ಯಾಹ್ನ ಬಾಗಿಲಲ್ಲಿ ಬಳೆ ಸದ್ದಾಯಿತು. "ಅಕ್ಕಾ..."

ದೇವಿರಮ್ಮನ ದನಿ. ನಂಜುಂಡಸ್ವಾಮಿ ಅಡುಗೆಮನೆಗೆ ನುಗ್ಗಿ ಕದದ ಹಿಂದೆ ನಿಂತ. ಬೆಟ್ಟಮ್ಮನಿಗೆ ಏನು ಮಾಡಲೂ ತೋಚಲಿಲ್ಲ. ದೇವಿರಮ್ಮ ಬಂದವಳೇ ಗೋಡೆಗೆ ಒರಗಿ ಕುಸಿದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ಅವರ್ಗೆ ಹೋಗೋ ಮನ್ಸಿರ್ಲಿಲ್ಲ ಕಣಕ್ಕ. ನಂಗೊತ್ತಿತ್ತು. ನಿದ್ದೇಲೇ ಬೆಚ್ಚಿಬೀಳೋರು."

"ಮತ್ತೆ ಬ್ಯಾಡ ಅನ್ಬೋದಾಗಿತ್ತಲ್ಲೇ?"

"ಅಂದಿದ್ರೆ ಉಳ್ಕೊಂಡ್ಬುಡೋರು. ಆಮೇಲೆ ಊರೋರೆಲ್ಲ ಹೆಂಡ್ತಿ ಸೆರಗು ಹಿಡ್ಕೊಂಡು ಕೂತ ಅಂತ ಆಡ್ಕೊಳ್ಳೋರು. ಅದಕ್ಕೇ ಸುಮ್ನಿದ್ದೆ. ಈಗ ಎಲ್ಲಿ ಲಾರಿಗೆ ಸಿಕ್ಕಿದ್ರೋ, ಎಲ್ಲಿ ಬಿದ್ರೋ ಅಂತ ಎದೆ ಹೊಡ್ಕೋತಾ ಅದೆ. ಏನಾದ್ರೂ ಆದ್ರೆ ನಾನೇ ಕಳ್ಸಿಕೊಟ್ಟಂಗಲ್ವಾ?"

ಕದದ ಹಿಂದೆ ನಿಂತವನು, ಇನ್ನು ಕೇಳುತ್ತಾ ನಿಲ್ಲುವುದು ಕಳ್ಳತನವೆನಿಸಿ ಹೊರಗೆ ಬಂದ.

ದೇವಿರಮ್ಮ ಕಿರುಚಲಿಲ್ಲ. ಎದ್ದು ಬಂದು ಅವನ ತೋಳು, ಹಣೆ, ಮೊಣಕಾಲು ಮುಟ್ಟಿ ನೋಡಿದಳು. "ಎಲ್ಲಿ ಬಿದ್ರಿ? ಎಲ್ಲಿ ಪೆಟ್ಟಾಗದೆ?" ಬಿದ್ದಿಲ್ಲ, ಸೈಕಲ್ ಮಾತ್ರ ಮುರಿಯಿತು ಎಂದು ತಿಳಿದ ಮೇಲೆ ಸಿಟ್ಟು ಬಂತು. "ನಾನಿಲ್ಲಿ ಜೀವ ಬಿಡ್ತಿದ್ರೆ ಕದದ ಹಿಂದೆ ನಿಂತ್ಕೊಂಡಿದ್ರಾ?"

ಅವನು ಅವಳಿಗೆ ನೀರು ತಂದುಕೊಟ್ಟ. ಕುಡಿದು ಅವಳೇ ಕೇಳಿದಳು. "ನಿಜ ಹೇಳಿ. ಹೋಗೋ ಆಸೆ ಅದಾ, ಇಲ್ವಾ?"

"ಬೆಳಿಗ್ಗೆ ಇರ್ಲಿಲ್ಲ. ಈಗ ಗೊತ್ತಾಗ್ತಿಲ್ಲ. ಭಯ ಆಗುತ್ತೆ ಕಣೇ."

"ಸರಿ. ಮೊದ್ಲು ಸೈಕಲ್ ನೆಟ್ಟಗಾಗ್ಲಿ" ಎಂದು ಕಣ್ಣೊರೆಸಿಕೊಂಡು ಎದ್ದಳು. ಎಲ್ಲಿಗೆ ಎಂದು ಕೇಳಿದರೆ, "ಏಕಾಂತಯ್ಯನವರ ಅಂಗ್ಡಿಗೆ" ಅಂದಳು. ಅವನು ಬೇಡಬೇಡವೆಂದು ಬಾಗಿಲವರೆಗೆ ಹಿಂದೆಯೇ ಓಡಿದ. ಬೀದಿಗೆ ಇಳಿಯುವ ಧೈರ್ಯವಾಗದೆ ಅಲ್ಲೇ ನಿಂತ.

ಆ ಸಂಜೆಯಷ್ಟು ಉದ್ದದ ಸಂಜೆಯನ್ನು ಅವನು ಕಂಡಿರಲಿಲ್ಲ. ಏಕಾಂತಯ್ಯ ನಾಲ್ಕು ಜನರನ್ನು ಕಟ್ಟಿಕೊಂಡು ಬರುತ್ತಾರೆ, ಬೀದಿ ನಗುತ್ತದೆ, ನಾಳೆ ಅಂಗಡಿಯಲ್ಲಿ ಬಟ್ಟೆ ಹರಿಯುವಾಗ ಗಿರಾಕಿಗಳು ಡೆಲ್ಲಿ ಎಷ್ಟು ದೂರ ಎಂದು ಕೇಳುತ್ತಾರೆ. ಟಾಂಗಾ ಬಂದು ನಿಂತಾಗ ಅವನು ಕಿಟಕಿಯ ಸಂದಿಯಲ್ಲೇ ಇದ್ದ.

ಇಳಿದವರು ಇಬ್ಬರೇ. ಏಕಾಂತಯ್ಯನವರ ಕೈಯಲ್ಲಿ ಕಾಗದ ಸುತ್ತಿದ ಹೊಸ ಫೋರ್ಕು. ಅವರು ನೇರ ಹಿತ್ತಿಲಿಗೆ ಹೋಗಿ, ಗೋಣಿಚೀಲ ಸರಿಸಿ, ಬಿರುಕನ್ನು ನೋಡುತ್ತಾ ಕೂತರು.

"ಹೊರೆ ಮುಂದಕ್ಕೆ ಕಟ್ಸಿದೋನು ನಾನೇ ಕಣಪ್ಪಾ. ಇಳಿಜಾರಲ್ಲಿ ಮುರಿದಿದ್ರೆ ಈ ತಾಯಿಗೆ ನಾನು ಏನು ಹೇಳ್ಬೇಕಾಗಿತ್ತು?" ಎಂದು ಗೋಣಿಚೀಲವನ್ನು ಮಡಿಸಿಟ್ಟರು. "ಸಾಕು ಬುಡು. ಹೋಗೋದು ಬೇಡ. ಬೀದೀಲಿ ನಾನೇ ಹೇಳ್ತೀನಿ, ಸೈಕಲ್ ಸರಿ ಇರ್ಲಿಲ್ಲ, ನಾನೇ ತಡೆದೆ ಅಂತ."

ಇಷ್ಟು ದಿನ ಕಾದಿದ್ದ ಮಾತು ಅದು. ನಂಜುಂಡಸ್ವಾಮಿ ಹೆಂಡತಿಯ ಕಡೆ ನೋಡಿದ. ಅವಳು ಹೂಂ, ಉಹೂಂ ಎರಡನ್ನೂ ಅವನಿಗೇ ಬಿಟ್ಟಿದ್ದಳು. ಯಾರ ಬಲವಂತವೂ ಇಲ್ಲವೆಂದಾಗಲೇ ಅವನಿಗೆ ಹೋಗೋಣವೆನಿಸಿತು.

"ಹೋಗ್ತೀನಿ" ಅಂದ. "ಡೆಲ್ಲಿ ಅಂತ ಹೇಳಲ್ಲ. ಆಗೋ ಅಷ್ಟು ದೂರ ಹೋಗಿ ಬರ್ತೀನಿ."

ರಿಪೇರಿಯವನು ಫೋರ್ಕು ಬದಲಿಸಿದ. ಸ್ಟೋವು, ಒಂದು ಟೈರು, ಅರ್ಧ ಹಾಸಿಗೆ ಬೆಟ್ಟಮ್ಮನ ಮನೆಯಲ್ಲೇ ಉಳಿದವು. ಮಾರನೆಯ ಬೆಳಿಗ್ಗೆ ಅಲ್ಲಿಂದಲೇ ಹೊರಟ. ದೇವಿರಮ್ಮ ಈ ಸಲ ನಗಲಿಲ್ಲ. "ಭಯ ಆದ್ರೆ ತಿರುಗ್ಸಿ ಬಂದ್ಬುಡಿ. ನಾಚ್ಕೋಬೇಡಿ" ಅಂದಳು.

ಭಯವೇನೂ ಹೋಗಿರಲಿಲ್ಲ. ಕಳಸ್ತವಾಡಿ ದಾಟುವವರೆಗೂ ಅವನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಫೋರ್ಕಿನ ಮೇಲೇ ಇತ್ತು. ಪ್ರತಿ ಗುಂಡಿಗೂ ಇಳಿದು ತಳ್ಳಿಕೊಂಡು ಹೋದ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ನಿಂತು, ಫೋರ್ಕಿನ ಕುತ್ತಿಗೆಯನ್ನು ಬೆರಳಿಂದ ಸವರಿ ನೋಡಿ, ಮತ್ತೆ ಹತ್ತಿದ.

ಅವನು ದಿಲ್ಲಿ ಮುಟ್ಟಲಿಲ್ಲ. ಪುಣೆಯವರೆಗೆ ಹೋಗಿ, ಅಲ್ಲೊಂದು ಛತ್ರದಲ್ಲಿ ಜ್ವರದಲ್ಲಿ ಮಲಗಿ, ಮೈ ಹುಷಾರಾದ ಮೇಲೆ ಬಂದ ದಾರಿಯಲ್ಲೇ ತುಳಿದುಕೊಂಡು ಹಿಂದಿರುಗಿದ. ಮೊಹಲ್ಲಾದವರು ಸ್ವಲ್ಪ ದಿನ "ಪುಣೆ ನಂಜುಂಡ" ಎಂದು ಕರೆದು ನಕ್ಕರು. ಅವನು ಓಗೊಡುತ್ತಿದ್ದ. ಪುಣೆಯ ದಾರಿ ಎಂಥದ್ದು ಎಂದು ನಿಜವಾಗಿ ಕೇಳಿದವರಿಗೆ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ, ಕೂರಿಸಿಕೊಂಡು ಹೇಳುತ್ತಿದ್ದ.