ಜೋಳದ ಹಿಟ್ಟಿನ ಮಂಜು

ಖಡಕ್, ಟಪ್. ಖಡಕ್, ಟಪ್. ಪಂಚವಟಿಯ ಆ ಓಣಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಯಂತ್ರದ ಸದ್ದು ಶುರುವಾದರೆ ಹರಿಣಾಕ್ಷಿಯ ಕೈ ಚುರುಕಾಗುತ್ತಿತ್ತು. ಕುಂದಾಪುರದಿಂದ ಮದುವೆಯಾಗಿ ನಾಸಿಕಕ್ಕೆ ಬಂದು ಒಂಬತ್ತು ವರ್ಷ. ಗಂಡ ಜಯಕರನ ಹೋಟೆಲಿನ ಇಡ್ಲಿ ಹಿಟ್ಟು ಅವಳದೇ ಕೈಯದು. ಓಣಿಗೆಲ್ಲ ಅವಳು ‘ಹೋಟೆಲ್ ವಹಿನಿ’, ಹೋಟೆಲಿನ ಅತ್ತಿಗೆ. ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಮಧ್ಯಾಹ್ನ ಮಾತ್ರ ಅವಳದು. ಪ್ರೆಸ್ಸಿನವರು ಕೊಟ್ಟ ಶಾಯಿಯನ್ನು ಮಿಠಾಯಿ ಕಪಾಟಿನ ಹಳೆಯ ಗಾಜಿಗೆ ಬಳಿದು, ಬಟ್ಟೆಯಿಂದ ಒರೆಸಿ ಆಕಾಶ ಮಾಡುವಳು. ಬೆಂಕಿಕಡ್ಡಿಯಿಂದ ಗೀರಿ ಬಳ್ಳಿ ಮಾಡುವಳು. ಒದ್ದೆ ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿ ಎತ್ತಿದರೆ ಪಕ್ಕದೂರು ನಿಫಾಡಿನ ಅಂಗೈಯಗಲದ ದ್ರಾಕ್ಷಿ ತೋಟ. ಒಂದು ಸಲ ಎತ್ತಿದ ಚಿತ್ರ ಮತ್ತೆ ಹಾಗೆಯೇ ಬರುವುದಿಲ್ಲ. ಅವಳು ಹೋಗುತ್ತಿದ್ದ ಭಾನುವಾರದ ಚಿತ್ರಕಲೆ ತರಗತಿಯ ಮೇಷ್ಟರು ಅದಕ್ಕೆ ಮೊನೊಟೈಪ್ ಎನ್ನುತ್ತಿದ್ದರು.

೧೯೭೧ರ ಚಳಿಗಾಲದಲ್ಲಿ ತರಗತಿಯವರು ಪ್ರದರ್ಶನ ಇಟ್ಟುಕೊಂಡರು. ಅವಳವು ಆರು ಚಿತ್ರ, ಕೆಳಗೆ ಚೀಟಿಯಲ್ಲಿ ಅವಳ ಸ್ವಂತ ಹೆಸರು! ಶಾಯಿ ಗಟ್ಟಿಯಾಗಿದೆಯೆಂದು ಎಣ್ಣೆ ಬೆರೆಸಿದಳು. ಕರಾವಳಿಯವಳಿಗೆ ಎಣ್ಣೆಯೆಂದರೆ ತೆಂಗಿನೆಣ್ಣೆ. ನಾಲ್ಕು ದಿನವಾದರೂ ಚಿತ್ರಗಳು ಒಣಗಲಿಲ್ಲ. ಚಿತ್ರದ ಗುಡ್ಡಗಳ ಸುತ್ತ ಜಿಡ್ಡು ಹರಡಿತು. ಮರುದಿನವೇ ಒಯ್ದು ಕೊಡಬೇಕು.

ಎದುರುಮನೆಯ ಸಂಗಮ್ಮ ಬೀದರ ಕಡೆಯವರು. ಬೆರಳಿಟ್ಟು ಮೂಸಿ ನಕ್ಕೇ ಬಿಟ್ಟರು.

“ಅಯ್ಯ ನಮ್ಮವ್ವಾ! ಚಿತ್ರಕ್ಕ ಎಣ್ಣಿ ಸ್ನಾನ ಮಾಡ್ಸೀರೇನ್ರಿ ವಹಿನಿ? ಕೊಬ್ರಿ ಎಣ್ಣಿ ಎಲ್ಲಿ ಒಣಗ್ತದ್ರಿ? ನಾವು ಬಾಗಿಲಕ್ಕ ಅಗಸಿ ಎಣ್ಣಿ ಹಚ್ತೀವಿ, ಅದು ಒಣಗ್ತದ.”

“ಈಗ ಹೇಳಿ ಎಂಥ ಪ್ರಯೋಜನ? ಹೊಸತು ಮಾಡಿದರೂ ನಾಳೆಗೆ ಒಣಗುವುದಿಲ್ಲ.”

“ಸೀರಿಗಿ ಎಣ್ಣಿ ಬಿದ್ರ ಏನ್ ಮಾಡ್ತೀವಿ? ತಡೀರಿ.”

ಸಂಗಮ್ಮ ಜೋಳದ ಹಿಟ್ಟು ತಂದು ತೆಳ್ಳನೆ ಬಟ್ಟೆಯಲ್ಲಿ ಸೋಸಿ ಚಿತ್ರಗಳ ಮೇಲೆ ಉದುರಿಸಿದರು. ಇಬ್ಬರೂ ಚಹಾಕ್ಕೆ ಕೂತರು. ಚಹಾ ಕುಡಿದಾದ ಮೇಲೆ ಹರಿಣಾಕ್ಷಿ ಮೆಲ್ಲಗೆ ಊದಿದಳು. ಹಿಟ್ಟು ಜಿಡ್ಡು ಕುಡಿದಿತ್ತು. ಅಂಟಿ ಉಳಿದದ್ದು ಬಳ್ಳಿಗಳ ನಡುವೆ ಬೆಳ್ಳಗೆ ನಿಂತಿತ್ತು. ನಿಫಾಡಿನ ಮುಂಜಾವಿನ ಮಂಜು.

ಅವಳಿಗೆ ನಗು ತಡೆಯಲಾಗಲಿಲ್ಲ. ಒಲೆಯ ಇದ್ದಿಲಿನಿಂದ ಮಂಜಿನೊಳಗೆ ಮಸುಕಾಗಿದ್ದ ಬಳ್ಳಿಯ ಕಂಬಗಳನ್ನು ಮತ್ತೆ ನಿಲ್ಲಿಸಿದಳು. ಒಂದರಲ್ಲಿ ಕುಂಕುಮದ ಚುಕ್ಕೆಯಿಟ್ಟಳು, ಕೆಲಸಕ್ಕೆ ಬಂದ ಹೆಂಗಸಿನ ಸೆರಗು.

“ನಿಮ್ಮ ಯಜಮಾನ್ರ ಹೋಟೆಲ್‌ದಾಗ ಜೋಳದ ರೊಟ್ಟಿಗಿ ಜಾಗಾ ಇಲ್ಲ,” ಎಂದರು ಸಂಗಮ್ಮ. “ಚಿತ್ರದಾಗರೆ ಸಿಕ್ತು!”

ಪ್ರದರ್ಶನದಲ್ಲಿ ಆರೂ ಗೋಡೆಗೇರಿದವು. ಚೀಟಿಯಲ್ಲಿ ‘ಹರಿಣಾಕ್ಷಿ’ ಎಂದಿತ್ತು. ಅವಳು ಅದನ್ನು ಮೂರು ಸಲ ಓದಿದಳು. ಮೇಷ್ಟರು ಕನ್ನಡಕ ಸರಿಪಡಿಸಿಕೊಂಡು, ಈ ಮಂಜು ಹೇಗೆ ತಂದಿರಿ ಎಂದು ಮರಾಠಿಯಲ್ಲಿ ಕೇಳಿದರು.

“ಅದು ನನ್ನೊಬ್ಬಳದಲ್ಲ ಸರ್,” ಅವಳೂ ಮರಾಠಿಯಲ್ಲೇ ಶುರುಮಾಡಿದಳು. “ಮೊದಲು ಜೋಳ ಬೀಸಬೇಕು, ಆಮೇಲೆ...” ಬಾಗಿಲಲ್ಲಿ ಸಂಗಮ್ಮ ಚಪ್ಪಲಿ ಬಿಡಲೋ ಬೇಡವೋ ಎಂದು ನಿಂತಿದ್ದರು. ಹರಿಣಾಕ್ಷಿ ಅವರ ಕೈಹಿಡಿದು ಕರೆತರಲು ನಡೆದೇಬಿಟ್ಟಳು, “ಆಮೇಲೆ ಆ ಹಿಟ್ಟನ್ನು ಇವರು ತಮ್ಮ ಕೈಯಾರೆ ಬಟ್ಟೆಯಲ್ಲಿ ಸೋಸಿ ಉದುರಿಸಬೇಕು.”