ಗುಂಡಿಯಲ್ಲಿ ಕಾಲಿಗೆ ತಾಗಿದ ಕಲ್ಲು

"ಮಮ್ಮೀ, ಡೋಂಟ್ ಟಚ್ ಇಟ್!" ಎಂದು ಮಗಳು ಚೀರುವಷ್ಟರಲ್ಲಿ ನಾನು ಬರಿಗೈಯಲ್ಲಿ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಾಗಿತ್ತು.

ಜಾರ್ಜ್‌ಟೌನ್ ಬಳಿಯ ಹಳ್ಳದ ದಂಡೆಯಲ್ಲಿ, ಸಾವಿರಾರು ವರ್ಷಗಳ ಹಿಂದೆ ಜನ ಬದುಕಿದ್ದ ಜಾಗದಲ್ಲಿ ನಾವಿಬ್ಬರೂ ಉತ್ಖನನದ ಎರಡನೆಯ ಹಂತದ ತರಬೇತಿಯಲ್ಲಿದ್ದೆವು. ಅಂದು ಕಾಳು ಅರೆಯುವ ಕಲ್ಲೊಂದು ಮಣ್ಣಿನಿಂದ ಅರ್ಧ ಹೊರಬಂದಿತ್ತು. ಅದಕ್ಕಂಟಿದ ಹಿಟ್ಟಿನ ಕಣಗಳನ್ನು ಲ್ಯಾಬಿನಲ್ಲಿ ನೋಡಬೇಕು, ಗ್ಲೌಸ್ ಇಲ್ಲದೆ ಮುಟ್ಟಬೇಡಿ ಎಂದು ತರಬೇತಿ ಕೊಡುವ ಮೇಡಂ ಬೆಳಿಗ್ಗೆಯೇ ಹೇಳಿದ್ದರು. ನಾನು ಗ್ಲೌಸ್ ಬಿಚ್ಚಿ ನೀರು ಕುಡಿದು, ಮತ್ತೆ ಕೂರಲು ಹೋಗಿ ಅದಕ್ಕೇ ಶೂ ತಾಗಿಸಿದ್ದೆ.

"ಹಿಟ್ಟ ಮಾಡೋ ಕಲ್ಲಿಗೆ ಕಾಲ್ ತಾಕ್ತಲ್ಲ, ಹಂಗ ಬಿಡ್ಲಿಕ್ಕೆ ಬರ್ತದೇನ?" ಎಂದೆ.

ಮಗಳು ನಾಚಿಕೆಯಿಂದಲೇ ಮೇಡಂಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಅವರು ನಗಲಿಲ್ಲ, ಬೈಯಲೂ ಇಲ್ಲ. ಆ ಮಗ್ಗುಲಿನ ಸ್ಯಾಂಪಲ್ ಇನ್ನು ನಂಬುವಂತಿಲ್ಲ, ಮಣ್ಣಿನೊಳಗಿರುವ ಮಗ್ಗುಲಿನಿಂದ ತೆಗೆಯೋಣ ಎಂದರು. ನಾನು ಮುಖ ಸಣ್ಣದು ಮಾಡಿಕೊಂಡು ಮಣ್ಣು ಜರಡಿ ಹಿಡಿಯಲು ಹೋದೆ.

ಮಧ್ಯಾಹ್ನ ಊಟಕ್ಕೆಂದು ಗುಂಡಿಯಿಂದ ಮೇಲೆ ಹತ್ತುವಾಗ ಮಗಳ ಶೂ ಅದೇ ಕಲ್ಲಿನ ಅಂಚಿಗೆ ತಾಗಿತು. ಅವಳು ತಟ್ಟನೆ ಬಾಗಿದಳು. ಕೈ ಕಲ್ಲಿನಿಂದ ಒಂದು ಗೇಣು ಮೇಲೆ ನಿಂತಿತು. ಮುಟ್ಟದೆ, ಹಾಗೆಯೇ ಬೆರಳನ್ನು ಕಣ್ಣಿಗೊತ್ತಿಕೊಂಡು, ನನ್ನ ಕಡೆ ನೋಡದೆ ಮೇಲೆ ಹತ್ತಿದಳು.

ಕಾಲು ತಾಗಿದರೆ ನಮಸ್ಕರಿಸಬೇಕೆಂದು ನಾನು ಅವಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಈಗ ಗುಂಡಿಯಲ್ಲಿ ಏನಕ್ಕಾದರೂ ಕಾಲು ತಾಗಿದರೆ ನಾನೂ ಅವಳ ಹಾಗೆಯೇ ಮುಟ್ಟದೆ ಕಣ್ಣಿಗೊತ್ತಿಕೊಳ್ಳುತ್ತೇನೆ.